ಪಹಣಿಯಲ್ಲಿ ‘ಖರಾಬು’ ಎಂದು ಬರೆದಿರುವ ಗುಡ್ಡಗಳ ಪರವಾಗಿ

ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಕಲ್ಲು ಗಣಿ ಗುತ್ತಿಗೆಯ ಕಡತಗಳಿಗೆ ಸಹಿ ಹಾಕುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ತಂದೆ ಗ್ರಾಮ ಲೆಕ್ಕಿಗರಾಗಿದ್ದರು. ‘ಖರಾಬು’ ಎಂಬ ಪದವನ್ನು ನಾನು ಮೊದಲು ಓದಿದ್ದು ಅವರ ದುಂಡಗಿನ ಕೈಬರಹದಲ್ಲಿ. ಬಂಡೆ, ಗುಡ್ಡ, ಹಳ್ಳದ ದಂಡೆ, ಬೆಳೆ ಬಾರದ ಗರಸು ನೆಲ, ಎಲ್ಲವೂ ಪಹಣಿಯಲ್ಲಿ ಆ ಒಂದೇ ಪದದೊಳಗೆ ಸೇರಿಹೋಗುತ್ತಿದ್ದವು. ಕಂದಾಯ ಹುಟ್ಟದ ನೆಲ ಎನ್ನುವುದಷ್ಟೇ ಅದರ ಅರ್ಥ. ಬಾಲ್ಯದಲ್ಲಿ ಅದನ್ನು ಕೆಟ್ಟ ನೆಲ ಎಂದುಕೊಂಡಿದ್ದೆ. ಮುಂದೆ ಪ್ರಾಗಿತಿಹಾಸವನ್ನು ಓದಿ, ಮೂವತ್ನಾಲ್ಕು ವರ್ಷ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆಯಲ್ಲಿ ಕಾಲುನಡಿಗೆಯಲ್ಲಿ ಅನ್ವೇಷಣೆ ಮಾಡಿದೆ. ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ದಾಖಲಾದ ನೆಲೆಗಳ ಪೈಕಿ ಬಹುಪಾಲು ಇಂದಿಗೂ ಪಹಣಿಯ ಪ್ರಕಾರ ಖರಾಬೇ. ನಿಮ್ಮ ಮೇಜಿಗೆ ಬರುವ ಕಡತದಲ್ಲಿ ಸರ್ವೆ ನಂಬರಿನ ಮುಂದೆ ಆ ಪದ ಕಂಡಾಗ ನೀವು ಏನು ಯೋಚಿಸಬೇಕು ಎಂಬುದನ್ನು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ವೃತ್ತಿ ಎಂಥದ್ದೆಂದು ಹೇಳಬೇಕು. ಪುರಾತತ್ವ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಹಂಪಿ, ಬಾದಾಮಿ, ಶಾಸನ, ನಾಣ್ಯ. ಅಕ್ಷರ ಹುಟ್ಟುವ ಮೊದಲಿನ ಕಾಲವನ್ನು ಅಧ್ಯಯನ ಮಾಡುವವನಿಗೆ ಶಾಸನವೂ ಇಲ್ಲ, ಗೋಪುರವೂ ಇಲ್ಲ. ಅವನ ಓದೆಲ್ಲ ಕಲ್ಲಿನ ಮೇಲೆ, ಮಣ್ಣಿನ ಬಣ್ಣದ ಮೇಲೆ, ಸುಟ್ಟ ಕಾಳು ಮತ್ತು ಒಡೆದ ಮೂಳೆಯ ಮೇಲೆ. ನನ್ನ ಮೊದಲ ಕ್ಷೇತ್ರಕಾರ್ಯದ ದಿನ ಗುರುಗಳು ಒಂದು ಜೋಳದ ಹೊಲದ ಬದುವಿನ ಗುಂಟ ನನ್ನನ್ನು ಮೂರು ಸಲ ನಡೆಸಿದರು. ಮೂರು ಸಲವೂ ನನಗೆ ಕಂಡದ್ದು ಸುಣ್ಣಕಲ್ಲಿನ ತುಂಡುಗಳು ಮಾತ್ರ. ಆಮೇಲೆ ಅವರು ಬಾಗಿ, ನನ್ನ ಹೆಜ್ಜೆಯ ಪಕ್ಕದಲ್ಲೇ ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ಅಂಗೈಯಲ್ಲಿಟ್ಟರು. ಅಂಗೈಗಿಂತ ತುಸು ಉದ್ದ, ಒಂದು ಕಡೆ ಚೂಪು, ಇನ್ನೊಂದು ಕಡೆ ಹಿಡಿಯಲು ದುಂಡಗೆ. ಎರಡೂ ಮುಖಗಳಿಂದ ಚಕ್ಕೆ ಎಬ್ಬಿಸಿ ಅಂಚು ತೆಗೆದಿದ್ದರು. ಹೆಬ್ಬೆರಳು ತಾನಾಗಿಯೇ ಒಂದು ತಗ್ಗಿನಲ್ಲಿ ಹೋಗಿ ಕೂತಿತು. ಲಕ್ಷಾಂತರ ವರ್ಷಗಳ ಹಿಂದೆ ಇನ್ನೊಬ್ಬರ ಹೆಬ್ಬೆರಳು ಕೂತಿದ್ದ ಜಾಗ ಅದು.

ಆ ಕಣ್ಣು ಬರಲು ನನಗೆ ಆರು ವರ್ಷ ಬೇಕಾಯಿತು. ಕೈಯಿಂದ ಹೊಡೆದು ತೆಗೆದ ಚಕ್ಕೆಯಲ್ಲಿ ಪೆಟ್ಟು ಬಿದ್ದ ಜಾಗ ಕಾಣುತ್ತದೆ. ಅದರ ಕೆಳಗೆ ಒಂದು ಸಣ್ಣ ಉಬ್ಬು, ಉಬ್ಬಿನಿಂದ ಆಚೆಗೆ ನೀರಿನ ಅಲೆಯಂತೆ ಹರಡಿದ ಗೆರೆಗಳು. ಬಿಸಿಲಿಗೆ ಸೀಳಿದ ಕಲ್ಲಿನಲ್ಲಿ ಇದು ಇರುವುದಿಲ್ಲ. ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕಿ ಒಡೆದ ಕಲ್ಲಿನಲ್ಲಿ ಒಂದು ಪೆಟ್ಟಿನ ಗುರುತು ಇರಬಹುದು, ಒಂದರ ಹಿಂದೆ ಒಂದು ಲೆಕ್ಕವಿಟ್ಟು ಹೊಡೆದ ಹತ್ತು ಪೆಟ್ಟುಗಳ ಕ್ರಮ ಇರುವುದಿಲ್ಲ. ಇದನ್ನು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದವರು ಒಬ್ಬ ಹಿರಿಯ ಕಲ್ಲುಕುಟಿಗರು. ಸುತ್ತಿಗೆ ಎಲ್ಲಿ ಬಿದ್ದರೆ ಕಲ್ಲು ಯಾವ ಕಡೆ ಬಾಯಿ ಬಿಡುತ್ತದೆ ಎಂಬುದನ್ನು ಅವರು ಸದ್ದು ಕೇಳಿಯೇ ಹೇಳುತ್ತಿದ್ದರು. ನಾನು ತೋರಿಸಿದ ಅಂಥ ಕಲ್ಲಿನ ಆಯುಧವನ್ನು, ಅಂದರೆ ಕೈಗೊಡಲಿಯನ್ನು, ತಿರುಗಿಸಿ ತಿರುಗಿಸಿ ನೋಡಿ, ‘ಇದು ಅವಸರದಲ್ಲಿ ಮಾಡಿದ್ದಲ್ಲ’ ಎಂದಷ್ಟೇ ಹೇಳಿದ್ದರು. ಆ ಮಾತನ್ನು ನಾನು ಅನೇಕ ಸಲ ತರಗತಿಯಲ್ಲಿ ಹೇಳಿದ್ದೇನೆ.

ನಿಮ್ಮ ಜಿಲ್ಲೆಗಳಲ್ಲಿ ಏನಿದೆ ಎಂಬುದನ್ನು ಈಗ ಹೇಳುತ್ತೇನೆ.

ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ದಶಕಗಳ ಕಾಲ ನಡೆದಾಡಿ, ಹಳೆ ಶಿಲಾಯುಗದ ಕೈಗೊಡಲಿಗಳು ಸಿಗುವ 200ಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ಇಸಾಂಪುರ. 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ನೆಲದಲ್ಲೇ ಹಾಸಿಕೊಂಡಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಆದಿಮಾನವರು ಎಬ್ಬಿಸಿ, ಅಲ್ಲೇ ಕೂತು ಆಯುಧ ಮಾಡಿದ್ದ ಜಾಗ ಅದು. ಎಬ್ಬಿಸಿದ ಚಪ್ಪಡಿ, ಸುತ್ತಿಗೆಯಾಗಿ ಬಳಸಿದ ಗುಂಡುಕಲ್ಲು, ಅರ್ಧಕ್ಕೆ ಬಿಟ್ಟ ಕೊಡಲಿ, ಸುತ್ತ ಉದುರಿದ ಚಕ್ಕೆಗಳು ಒಟ್ಟಿಗೆ ಇದ್ದವು. ಒಂದು ಕಮ್ಮಾರಸಾಲೆಯನ್ನು ಕೆಲಸದ ನಡುವೆ ಬಿಟ್ಟು ಹೋದಂತೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆ ಸೂಚಿಸಿದ ಕಾಲ ಸುಮಾರು 12 ಲಕ್ಷ ವರ್ಷ. ಒಬ್ಬ ವಿದ್ವಾಂಸ ತನ್ನ ದುಡಿಮೆಯ ಬಹುಪಾಲು ವರ್ಷಗಳನ್ನು ಒಂದೇ ಕಣಿವೆಗೆ ಕೊಟ್ಟಿದ್ದರಿಂದ ಇದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮಂಥವರೆಲ್ಲ ನಮ್ಮ ಮನೆಗೇ ಬಂದಂತೆ ಸಂತೋಷಪಟ್ಟೆವು.

ಆ ಸೀಮೆಗೆ ಈಗ ಕಾಲುವೆ ನೀರು ಬಂದಿದೆ. ಜೋಳ, ತೊಗರಿ ಬೆಳೆಯುತ್ತಿದ್ದ ಇಳಿಜಾರು ಹೊಲಗಳು ಭತ್ತಕ್ಕಾಗಿ ಸಮತಟ್ಟಾಗಿವೆ. ನೀರು ಬಂದದ್ದು ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ. ಬರಗಾಲದಲ್ಲಿ ಊರಿಗೆ ಊರೇ ಗುಳೆ ಹೋದದ್ದನ್ನು ಕಣ್ಣಾರೆ ಕಂಡವನು ನಾನು. ನೆಲ ಸಮ ಮಾಡುವ ಮೊದಲು ಯಾರಾದರೂ ಒಂದು ವಾರ ನಡೆದು ನೋಡಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬ ಸಂಕಟ ಮಾತ್ರ ಇದೆ.

ಇನ್ನು ಬೂದಿ ದಿಬ್ಬಗಳು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿಯ ಹತ್ತಿರ ಒಂದಿದೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದು ನಂಬುತ್ತಾರೆ. ಬ್ರಿಟಿಷರ ಕಾಲದಲ್ಲಿ ಇವನ್ನು ಕಂಡವರಲ್ಲಿ ಕೆಲವರು ಜ್ವಾಲಾಮುಖಿಯ ಬೂದಿ ಎಂದರು, ಕೆಲವರು ಕಬ್ಬಿಣ ಕರಗಿಸಿದ ಕಿಟ್ಟ ಎಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನಗಳ ಸಗಣಿ ಸುಟ್ಟ ಬೂದಿ ಎಂದು ಹೇಳಿದರು. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಕಲ್ಲಿನ ಆಯುಧ ಗುರುತಿಸಿ ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ನಾಂದಿ ಹಾಡಿದವರೂ ಇವರೇ. ಮುಂದೆ 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಬ್ರಿಟಿಷ್ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಹಾಗೆಯೇ ಸಿಕ್ಕಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರ ಉತ್ಖನನ ಇನ್ನೂ ಮುಂದೆ ಹೋಗಿ, ದಿಬ್ಬದ ಪಕ್ಕದಲ್ಲೇ ಜನರ ವಸತಿ, ಕಲ್ಲಿನ ಆಯುಧ ಮಾಡುವ ಜಾಗ, ದನ ಕಡಿದು ಹಂಚಿಕೊಂಡ ಜಾಗ ಎಲ್ಲವನ್ನೂ ತೆರೆದು ತೋರಿಸಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಊರು ಅದು. ಊರಿನ ಹೆಸರಿನಲ್ಲೇ ಬೂದಿ ಇದೆ ನೋಡಿ. ಪಹಣಿಯಲ್ಲಿ ಬರೆಯದ್ದನ್ನು ಜನ ಊರಿನ ಹೆಸರಿನಲ್ಲಿ ಬರೆದಿಟ್ಟರು.

ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಲ್ಲಿ ಬೂದುಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಗೀರು ಎಳೆದಂತೆ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗುತ್ತದೆ. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ನವಶಿಲಾಯುಗದ ಜನ ಆ ಕಲ್ಲನ್ನು ಕಿತ್ತು, ಹಿರೇಗುಡ್ಡದ ಮೇಲೆ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡಿದರು. ಕುಪ್ಪಗಲ್ಲಿನ ಕರಿಬಂಡೆಗಳ ಮೇಲೆ ಡುಬ್ಬದ ಎತ್ತುಗಳು, ಮನುಷ್ಯರ ಆಕೃತಿಗಳು ಕುಟ್ಟಿ ಮೂಡಿಸಿದ ಚಿತ್ರಗಳಾಗಿ ನಿಂತಿವೆ. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿ ಬರುತ್ತದೆ. ಅಂಥ ಬಂಡೆಗಳಲ್ಲಿ ತಟ್ಟಿ ತಟ್ಟಿ ಸವೆದ ಗುಳಿಗಳಿವೆ. ಅಲ್ಲಿಗೆ ಹೋದಾಗಲೆಲ್ಲ ನಾನು ಗ್ರಾನೈಟ್ ಹಾಸಿನ ಮೇಲಿರುವ ದೋಣಿಯಾಕಾರದ ಗುಳಿಗಳಿಗೆ ಬಾಟಲಿಯ ನೀರು ಸುರಿಯುತ್ತೇನೆ. ಒಣಗಿದಾಗ ಅವು ಕಣ್ಣಿಗೇ ಬೀಳುವುದಿಲ್ಲ. ನೀರು ನಿಂತಾಗ ಅಂಚು ಸ್ಪಷ್ಟವಾಗುತ್ತದೆ, ಒಳಮೈ ಕನ್ನಡಿಯಂತೆ ಹೊಳೆಯುತ್ತದೆ. ಕೊಡಲಿಯ ಬಾಯನ್ನು ನೀರು ಹಾಕಿ ಉಜ್ಜಿ ಉಜ್ಜಿ ಸಾಣೆ ಹಿಡಿದ ಜಾಗಗಳು ಅವು. ಬೆರಳಾಡಿಸಿದರೆ ಯಾವ ದಿಕ್ಕಿಗೆ ಉಜ್ಜುತ್ತಿದ್ದರು ಎಂಬುದೂ ತಿಳಿಯುತ್ತದೆ.

ಆ ಜನ ತಿನ್ನುತ್ತಿದ್ದುದು ಹುರುಳಿ, ಹೆಸರು, ಕೊರಲೆ. ಮಣ್ಣನ್ನು ನೀರಿನಲ್ಲಿ ತೊಳೆದು ತೆಗೆದ ಸುಟ್ಟ ಕಾಳುಗಳಿಂದ ಇದು ಗೊತ್ತಾಗಿದೆ. ಸಿರಿಧಾನ್ಯ ಮೇಳಗಳಲ್ಲಿ ಇಂದು ಕೊರಲೆ ಮಾರುವಾಗ ಅದಕ್ಕೆ ನಾಲ್ಕು ಸಾವಿರ ವರ್ಷದ ಒಕ್ಕಲುತನ ಇದೆ ಎಂದು ನಾವು ಧೈರ್ಯವಾಗಿ ಹೇಳಬಹುದು. ಹೇಳಲು ಸಾಧ್ಯವಾದದ್ದು ಆ ಗುಡ್ಡಗಳು ಖರಾಬಾಗಿ ಉಳಿದಿದ್ದರಿಂದ. ಅಲ್ಲಿನ ಸಂಶೋಧನೆಗೆ ದೀರ್ಘಕಾಲ ದುಡಿದ ಪ್ರೊ. ರವಿ ಕೋರಿಶೆಟ್ಟರ್ ಅವರ ಪ್ರಯತ್ನದಿಂದ ಬಳ್ಳಾರಿಯಲ್ಲಿ ಫೂಟ್ ಹೆಸರಿನ ಪ್ರಾಗಿತಿಹಾಸ ವಸ್ತುಸಂಗ್ರಹಾಲಯವೇ ಆಗಿದೆ. ದಯವಿಟ್ಟು ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿಬನ್ನಿ. ಆದರೆ ಗಾಜಿನ ಪೆಟ್ಟಿಗೆಯಲ್ಲಿರುವ ಕೊಡಲಿಗೆ ಗುಡ್ಡವೇ ವಿಳಾಸ ಎಂಬುದನ್ನು ಮರೆಯಬೇಡಿ. ಈ ಗುಡ್ಡಗಳ ಒಂದು ಮಗ್ಗುಲನ್ನು ಕಲ್ಲಿನ ಕ್ವಾರಿಗಳು ತಿಂದಿರುವುದನ್ನು ನಾನು ಕಂಡಿದ್ದೇನೆ.

ಈಗ ನನ್ನ ಸ್ವಂತ ಅನುಭವ. ಊರು, ಕಚೇರಿ ಯಾವುದನ್ನೂ ಹೆಸರಿಸುವುದಿಲ್ಲ. ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ಒಂದು ಬೇಸಿಗೆಯಲ್ಲಿ ನಾವು ಸಣ್ಣ ಗುಡ್ಡವೊಂದರ ಬುಡದಲ್ಲಿ ಬೂದಿ ದಿಬ್ಬವನ್ನೂ ಮೇಲೆ ಸಾಣೆ ಗುಳಿಗಳನ್ನೂ ಕಂಡೆವು. ಹದಿನೇಳು ಗುಳಿಗಳು. ಅಳತೆ ತೆಗೆದೆವು, ನಕ್ಷೆ ಬರೆದೆವು, ಸರ್ವೆ ನಂಬರ್ ಗುರುತು ಹಾಕಿಕೊಂಡೆವು. ಸಂರಕ್ಷಣೆ ಕೋರಿ ಪತ್ರ ಬರೆದೆ. ‘ಸದರಿ ಸ್ಥಳವು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇರುವುದಿಲ್ಲ’ ಎಂದು ಉತ್ತರ ಬಂತು. ಪಟ್ಟಿಯಲ್ಲಿ ಇಲ್ಲ ಎಂಬ ಕಾರಣಕ್ಕೇ ಪತ್ರ ಬರೆದಿದ್ದೆ. ಎರಡು ವರ್ಷ ಕಳೆದು ಹೋದಾಗ ಬೂದಿ ದಿಬ್ಬ ಅರ್ಧ ಉಳಿದಿತ್ತು, ಟ್ರ್ಯಾಕ್ಟರಿಗೆ ತುಂಬಿ ಗೊಬ್ಬರವಾಗಿ ಹೊಲಗಳಿಗೆ ಒಯ್ದಿದ್ದರು. ಗುಡ್ಡದ ಮೇಲೆ ಕೊರೆಯುವ ಯಂತ್ರ ನಿಂತಿತ್ತು. ಗುಳಿಗಳಿದ್ದ ಬಂಡೆಯಲ್ಲಿ ಸಾಲಾಗಿ ಸಿಡಿಮದ್ದಿನ ರಂಧ್ರಗಳಿದ್ದವು. ಅಲ್ಲಿದ್ದ ಕೆಲಸಗಾರ ಹುಡುಗ ನನ್ನ ಮುಖ ನೋಡಿ, ‘ಏನು ಸರ್, ಏನಾದರೂ ಬಿಟ್ಟುಹೋಗಿದ್ದಿರಾ?’ ಎಂದು ಕೇಳಿದ. ಅವನಿಗೆ ಉತ್ತರ ಕೊಡಲಾಗಲಿಲ್ಲ. ಹದಿನೇಳು ಗುಳಿಗಳ ಪೈಕಿ ಈಗ ಉಳಿದಿರುವುದು ನನ್ನ ಪುಸ್ತಕದಲ್ಲಿರುವ ಪೆನ್ಸಿಲ್ ನಕ್ಷೆ.

ಅಲ್ಲಿ ಯಾರೂ ಕಾನೂನು ಮುರಿದಿರಲಿಲ್ಲ. ಗುತ್ತಿಗೆ ಕ್ರಮಬದ್ಧವಾಗಿತ್ತು. ಜಂಟಿ ಸ್ಥಳ ಪರಿಶೀಲನೆ ಆಗಿತ್ತು. ಪರಿಶೀಲನೆಗೆ ಬಂದವರು ಗಡಿ ನೋಡಿದರು, ಮರ ನೋಡಿದರು, ಕಲ್ಲಿನ ಪ್ರಮಾಣ ನೋಡಿದರು. ಬಂಡೆಯ ಮೇಲಿನ ಗುಳಿ ನೋಡಲು ಬಲ್ಲವರು ಆ ತಂಡದಲ್ಲಿ ಇರಲಿಲ್ಲ, ಇರಬೇಕೆಂಬ ವಾಡಿಕೆಯೂ ಇರಲಿಲ್ಲ. ಆ ಜಾಗದಲ್ಲಿ ಒಂದು ಪಾಳುಗುಡಿ ಇದ್ದಿದ್ದರೆ ಯಾರೋ ಒಬ್ಬರು ತಡೆದು ನಿಲ್ಲಿಸುತ್ತಿದ್ದರು. ಗುಡಿ ಎಲ್ಲರ ಕಣ್ಣಿಗೂ ಕಾಣುತ್ತದೆ.

ಪ್ರಾಚೀನ ಸ್ಮಾರಕಗಳನ್ನು ಕಾಯುವ ಕಾಯ್ದೆಗಳಿಲ್ಲ ಎಂದಲ್ಲ. 1958ರ ಕೇಂದ್ರ ಕಾಯ್ದೆ ಇದೆ, 1961ರ ರಾಜ್ಯ ಕಾಯ್ದೆ ಇದೆ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇವೆಲ್ಲ ಕಾಯುವುದು ಪಟ್ಟಿಯಲ್ಲಿರುವುದನ್ನು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಬೃಹತ್ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು. ಚಪ್ಪಡಿಕಲ್ಲಿನ ಆ ಮನೆಗಳನ್ನು ಜನ ಮೋರೇರ ಮನೆ ಎನ್ನುತ್ತಾರೆ. ಗುಡ್ಡ ಹತ್ತಿದವರನ್ನು ಅವು ತಾವೇ ನಿಲ್ಲಿಸಿಕೊಳ್ಳುತ್ತವೆ. ಕೈಗೊಡಲಿಗೂ ಬೂದಿಗೂ ಆ ಶಕ್ತಿ ಇಲ್ಲ. ಅವುಗಳ ಪರ ನಿಲ್ಲಲು ಒಬ್ಬ ಮನುಷ್ಯ ಬೇಕು, ಒಂದು ದಾಖಲೆ ಬೇಕು.

ದಾಖಲೆಯ ವಿಷಯದಲ್ಲಿ ನನ್ನ ಕೋರಿಕೆ ಇಷ್ಟು. ಪಹಣಿಯ 11ನೇ ಕಲಂ ಹಕ್ಕು ಮತ್ತು ಋಣಗಳಿಗೆ ಮೀಸಲು. ಸರ್ಕಾರಿ ಖರಾಬು ಮತ್ತು ಗೋಮಾಳದಲ್ಲಿ ಇರುವ, ಈಗಾಗಲೇ ವಿದ್ವಾಂಸರು ಪ್ರಕಟಿಸಿರುವ ಪ್ರತಿಯೊಂದು ಪ್ರಾಗಿತಿಹಾಸ ನೆಲೆಯ ಸರ್ವೆ ನಂಬರಿನಲ್ಲಿ ಆ ಕಲಂನೊಳಗೆ ‘ಪುರಾತತ್ವ ನೆಲೆ ಇದೆ’ ಎಂಬ ಒಂದು ಸಾಲು ನಮೂದಾಗಲಿ. ಹೊಸ ಕಾಯ್ದೆಗೆ ಕಾಯುತ್ತಾ ಕೂರುವಷ್ಟು ಸಮಯ ಈ ಗುಡ್ಡಗಳಿಗೆ ಇಲ್ಲ. ಫೂಟ್ ಸಂಗ್ರಹದ ವಿವರಗಳು ಮದ್ರಾಸಿನಲ್ಲಿ 1916ರಲ್ಲೇ ಅಚ್ಚಾಗಿವೆ. ಅಲ್ಲಿಂದ ಈಚೆಗೆ ನೂರು ವರ್ಷಗಳ ಅನ್ವೇಷಣಾ ವರದಿಗಳಿವೆ. ಅವುಗಳಲ್ಲಿ ಹಳ್ಳಿಯ ಹೆಸರಿದೆ, ದಿಕ್ಕಿದೆ, ದೂರವಿದೆ. ಸರ್ವೆ ನಂಬರ್ ಮಾತ್ರ ಇಲ್ಲ. ಒಬ್ಬ ಭೂಮಾಪಕರು, ಒಬ್ಬ ಪ್ರಾಗಿತಿಹಾಸ ವಿದ್ಯಾರ್ಥಿ, ಒಂದು ಜಿಪಿಎಸ್, ಒಂದು ವಾಹನ ಕೊಟ್ಟರೆ ಒಂದು ತಾಲ್ಲೂಕಿನ ಕೆಲಸ ಒಂದು ಚಳಿಗಾಲದಲ್ಲಿ ಮುಗಿಯುತ್ತದೆ.

ರೈತರ ಜಮೀನುಗಳನ್ನು ಸದ್ಯಕ್ಕೆ ಮುಟ್ಟಬೇಡಿ ಎಂದೂ ಸ್ಪಷ್ಟವಾಗಿ ಹೇಳುತ್ತೇನೆ. 11ನೇ ಕಲಂನಲ್ಲಿ ತನಗೆ ಗೊತ್ತಿಲ್ಲದ ಸಾಲೊಂದು ಬಂತೆಂದರೆ ರೈತನ ನಿದ್ದೆ ಹಾರಿಹೋಗುತ್ತದೆ. ಗ್ರಾಮ ಲೆಕ್ಕಿಗರ ಮನೆಯಲ್ಲಿ ಬೆಳೆದವನಿಗೆ ಆ ಭಯ ಏನೆಂದು ಗೊತ್ತು. ರೈತರ ಹೊಲದಲ್ಲಿರುವ ನೆಲೆಗಳಿಗೆ ಮಾತುಕತೆ, ನಂಬಿಕೆ ಬೇಕು. ನಾನು ಕೆಲಸ ಮಾಡಿದ ಹಳ್ಳಿಗಳಲ್ಲಿ ರೈತರೇ ಉಳುಮೆಯ ವೇಳೆ ಸಿಕ್ಕ ಕೊಡಲಿಗಳನ್ನು ಹನುಮಂತನ ಕಟ್ಟೆಯ ಮೇಲೆ ತಂದಿಟ್ಟು ಅರಿಶಿನ, ಕುಂಕುಮ ಹಚ್ಚಿದ್ದನ್ನು ನೋಡಿದ್ದೇನೆ. ಅವರು ನಮ್ಮ ಎದುರಾಳಿಗಳಲ್ಲ. ಕಲ್ಲು ಒಡೆದು ಬದುಕುವವರೂ ಎದುರಾಳಿಗಳಲ್ಲ. ಕೂಲಿ ಕಿತ್ತುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಜೆಲ್ಲಿಗೆ ಬೇಕಾದ ಗುಡ್ಡಗಳು ಬೇರೆ ಬೇಕಾದಷ್ಟು ಸಿಗುತ್ತವೆ. ಯಾವುದನ್ನು ಒಡೆಯಬಾರದು ಎಂದು ಗುತ್ತಿಗೆಗೆ ಮೊದಲೇ ಹೇಳಿದರೆ ಗುತ್ತಿಗೆದಾರನ ಹಣವೂ ಉಳಿಯುತ್ತದೆ.

ಎರಡನೆಯ ಕೋರಿಕೆ, ಜಂಟಿ ಪರಿಶೀಲನೆಯ ತಂಡದಲ್ಲಿ ಪ್ರಾಗಿತಿಹಾಸ ಬಲ್ಲ ಒಬ್ಬರು ಇರಲಿ. ಅವರಿಗೆ ಒಂದು ದಿನ ಸಾಕು. ಆದರೆ ಅಂಥ ಒಬ್ಬರನ್ನು ಎಲ್ಲಿಂದ ತರುತ್ತೀರಿ? ನನ್ನನ್ನು ಅತಿ ಹೆಚ್ಚು ಕಾಡುವ ಪ್ರಶ್ನೆ ಇದೇ.

ಈ ನಾಡಿನಲ್ಲಿ ಒಂದು ಪರಂಪರೆ ಇತ್ತು. ಡಾ. ಎಂ.ಎಚ್. ಕೃಷ್ಣ ಮೈಸೂರು ಪುರಾತತ್ವ ಇಲಾಖೆಯಲ್ಲಿದ್ದು ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಅಗೆದರು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಗೆ ಬರುವ ಮೊದಲೇ ಅಲ್ಲಿ ಕನ್ನಡಿಗರ ಗುದ್ದಲಿ ಬಿದ್ದಿತ್ತು. ಪ್ರೊ. ಅ. ಸುಂದರ ಬೃಹತ್ ಶಿಲಾ ಸಮಾಧಿಗಳನ್ನು ಹುಡುಕಿ ಉತ್ತರ ಕರ್ನಾಟಕದ ಗುಡ್ಡಗಳನ್ನೆಲ್ಲ ತಿರುಗಿದರು. ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ಉತ್ಖನನ ಮಾಡಿದ ಡಾ. ಎಂ.ಎಸ್. ನಾಗರಾಜರಾವ್ ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು. ನನ್ನ ಬಳಿ ಕಲಿತ ಒಬ್ಬ ಹುಡುಗಿ ಹನ್ನೊಂದು ಬೇಸಿಗೆ ನಮ್ಮ ತಂಡದಲ್ಲಿ ದುಡಿದಳು. ಕಾಲಡಿ ಸರಿದ ಚಕ್ಕೆಯ ಸದ್ದಿನಿಂದಲೇ ಆಯುಧಕ್ಕೆ ಒದಗುವ ಗಟ್ಟಿ ಕಲ್ಲನ್ನು ಗುರುತಿಸಿ, ‘ಸರ್, ಇಲ್ಲಿ ಚರ್ಟ್ ಇದೆ’ ಎಂದು ನಿಲ್ಲುತ್ತಿದ್ದಳು. ಅಂಥ ಕಿವಿ ನನಗೆ ಯಾವತ್ತೂ ಬರಲಿಲ್ಲ. ಪಿಎಚ್.ಡಿ. ಮುಗಿಸಿ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಅಲೆದಳು. ಈಗ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಕಳೆದ ವರ್ಷ ಮನೆಗೆ ಬಂದಾಗ ತನ್ನ ಕರಣಿ, ಬ್ರಷ್, ಅಳತೆ ಪಟ್ಟಿ ಇದ್ದ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಹೊಸ ವಿದ್ಯಾರ್ಥಿಗಳಿಗೆ ಕೊಡಿ ಎಂದಳು. ಚೀಲ ಇನ್ನೂ ಅಲ್ಲೇ ಇದೆ. ಅದನ್ನು ಕೊಡಲು ನನಗೆ ಮನಸ್ಸು ಬಂದಿಲ್ಲ. ಅವಳನ್ನೇ ವಾಪಸು ಕರೆಯುವ ದಿನ ಬರಬೇಕು. ಜಿಲ್ಲೆಗೆ ಒಂದರಂತೆ, ಕ್ಷೇತ್ರದಲ್ಲಿ ಕೆಲಸ ಮಾಡುವ ಕಾಯಂ ಪ್ರಾಗಿತಿಹಾಸ ತಜ್ಞರ ಹುದ್ದೆಗೆ ನೀವು ಸರ್ಕಾರಕ್ಕೆ ಪ್ರಸ್ತಾವ ಕಳುಹಿಸಿ. ಧಾರವಾಡ, ಮೈಸೂರು, ಹಂಪಿಗಳಲ್ಲಿ ಪುರಾತತ್ವ ಓದುವ ಮಕ್ಕಳಿಗೆ ಮುಂದೆ ಒಂದು ದಾರಿ ಕಾಣಲಿ.

ನನ್ನ ತಂದೆಯ ವಿಷಯದಿಂದ ಪತ್ರ ಆರಂಭಿಸಿದೆ. ನಿವೃತ್ತರಾದ ಮೇಲೆ ಒಮ್ಮೆ ಅವರನ್ನು ಗುಡ್ಡವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಸಾಣೆ ಗುಳಿಗೆ ನೀರು ಸುರಿದು ತೋರಿಸಿದೆ. ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತು ನೋಡಿದರು. ಆಮೇಲೆ, ‘ಇದನ್ನು ಬರೆಯಲು ನಮ್ಮಲ್ಲಿ ಕಲಂ ಇರಲಿಲ್ಲಪ್ಪಾ’ ಎಂದರು.

ನನ್ನ ಬಳಿ ಹನ್ನೆರಡು ಟಿಪ್ಪಣಿ ಪುಸ್ತಕಗಳಿವೆ. ಗುಡ್ಡ, ಹಳ್ಳಿ, ಅಳತೆ ಎಲ್ಲದರ ಪ್ರತಿ ತೆಗೆಸಿ ಈ ವಾರದೊಳಗೆ ಐದೂ ಜಿಲ್ಲಾಧಿಕಾರಿಗಳ ಕಚೇರಿಗೆ ತಲುಪಿಸುತ್ತೇನೆ. ನಿಮ್ಮಲ್ಲಿ ಯಾರೇ ಆದರೂ ಒಂದು ದಿನ ಬಿಡುವು ಮಾಡಿಕೊಂಡರೆ ನಾನೇ ಜೊತೆಗೆ ಬಂದು ತೋರಿಸುತ್ತೇನೆ. ಮೊಣಕಾಲು ಇನ್ನೂ ಗುಡ್ಡ ಹತ್ತಬಲ್ಲದು. ಬೆಳಗ್ಗೆ ಆರೂವರೆಗೆ ಗುಡ್ಡದ ಬುಡದಲ್ಲಿರಬೇಕು, ಓರೆ ಬಿಸಿಲಿದ್ದಾಗ ಮಾತ್ರ ಕುಟ್ಟುಚಿತ್ರಗಳು ಕಣ್ಣಿಗೆ ಬೀಳುತ್ತವೆ. ನೀರಿನ ಬಾಟಲಿ ಎರಡು ತನ್ನಿ, ಒಂದು ಕುಡಿಯಲು, ಇನ್ನೊಂದು ಗುಳಿಗೆ ಸುರಿಯಲು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಗಿತಿಹಾಸ ಸಂಶೋಧಕ